ಸೀಸೆಯಲ್ಲಿ ಪಾಚಿ

“ಇಲ್ಲಿ ನೋಡಿ ಇನ್ಸ್‌ಪೆಕ್ಟರೇ,” ಎಂದು ಡಾಕ್ಟರ್ ವಾಗ್ದೇವಿ ಗಾಜಿನ ಸೀಸೆಯನ್ನು ಬಿಳಿಯ ಬೇಸಿನ್ನಿಗೆ ಬಗ್ಗಿಸಿದಳು.

ನೀರು ಮೊದಲು ತಿಳಿಯಾಗಿಯೇ ಬಿತ್ತು. ಸೀಸೆಯ ತಳದ ನೀರು ಬೀಳುವ ಹೊತ್ತಿಗೆ ಬೇಸಿನ್ನಿನ ಬಿಳುಪಿನ ಮೇಲೆ ಹಸಿರು ಎಳೆಗಳು ತೇಲಿದವು. ಅವುಗಳ ಕೆಳಗೆ ಒಂದು ಚಿಟಿಕೆ ನುಣ್ಣನೆಯ ಕೆಸರು ನಿಂತಿತು.

ಸರ್ಕಲ್ ಇನ್ಸ್‌ಪೆಕ್ಟರ್ ಧರ್ಮಪ್ಪ ಬೆರಳು ಅದ್ದಿ ಮೂಸಿದ. ಪಾಚಿಯ ವಾಸನೆ.

“ಈ ಸೀಸೆಗೆ ಯಾವ ನೀರು ಹಾಕ್ತೀರಿ?”

“ಕುದಿಸಿ ಆರಿಸಿದ್ದು. ದಿನಾ ಬೆಳಿಗ್ಗೆ ಹಳೆಯದನ್ನು ಚೆಲ್ಲಿ, ಸೀಸೆಯನ್ನೂ ಕುದಿಸಿ ಹೊಸದಾಗಿ ತುಂಬ್ತೇವೆ. ಉಸಿರಾಟದ ಯಂತ್ರದ ಗಾಳಿ ಈ ನೀರಿನೊಳಗೆ ಹಾದು, ತೇವ ಹಿಡಿದುಕೊಂಡು ನೇರ ಈ ರೋಗಿಯ ಎದೆಯೊಳಗೆ ಹೋಗ್ತದೆ. ನಿಮಗೆ ನನಗೆ ಆದರೆ ಮೂಗು, ಗಂಟಲು ಕಾವಲಿಗಿದೆ. ಇವರಿಗೆ ಅದೇನೂ ಇಲ್ಲ. ಈ ನೀರೊಳಗೆ ಏನಿರ್ತದೋ ಅದೆಲ್ಲ ಒಳಗೆ.”

ವಾಗ್ದೇವಿ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಪಕ್ಕೆಲುಬುಗಳ ನಡುವೆ, ಬಲಗಡೆ ಕೆಳಗೆ, ಹತ್ತಿ ಹಿಂಜಿ ಇಟ್ಟ ಹಾಗೆ ಬೆಳ್ಳಗೊಂದು ಮಚ್ಚೆ.

“ಮೊನ್ನೆ ಇದು ಇರಲಿಲ್ಲ. ನ್ಯುಮೋನಿಯಾ. ಯಂತ್ರಕ್ಕೆ ಹಾಕಿದವರಲ್ಲಿ ಎಷ್ಟೋ ಜನ ಮೂಲ ರೋಗದಿಂದ ಬದುಕಿ, ಇದರಿಂದ ಸಾಯ್ತಾರೆ. ಬೊಂಬಾಯಿಯಲ್ಲಿ ಪೋಲಿಯೋ ವಾರ್ಡಿನಲ್ಲಿ ಇದ್ದಾಗ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇಲ್ಲಿ ಅಷ್ಟು ಕಟ್ಟುನಿಟ್ಟು ಮಾಡಿದ್ದೆ. ಇದು ತಾನಾಗಿ ಬಂದದ್ದಲ್ಲ. ಯಾರೋ ಕೈಯಾರೆ ತಂದು ಹಾಕಿದ್ದು.”

ಧರ್ಮಪ್ಪ ಮಂಚದ ಕಡೆ ತಿರುಗಿದ.

ಸಾಗರದ ಕೋರ್ಟಿನಲ್ಲಿ ಬೀಟೆ ಮರದ ಕಳ್ಳಸಾಗಣೆಯ ಬಗ್ಗೆ ಸಾಕ್ಷಿ ಹೇಳಬೇಕಾಗಿದ್ದ ಹುಂಚದ ಸೀತಾರಾಮಪ್ಪ, ಎರಡು ವಾರದ ಕೆಳಗೆ, ಸಾಕ್ಷಿಯ ಹಿಂದಿನ ಸಂಜೆಯೇ, ಕಷಾಯದಲ್ಲಿದ್ದ ಗದ್ದೆಯ ಹುಳದೌಷಧಿಗೆ ಬಲಿಯಾಗಿದ್ದ. ಅದೇ ಪಾತ್ರೆಯಲ್ಲಿ ಉಳಿದದ್ದನ್ನು ಕುಡಿದ ಅವನ ಹೆಂಡತಿ ದುಗ್ಗಮ್ಮ ಮಾತ್ರ ಬದುಕಿದ್ದಳು. ಮೈಯ ಸ್ನಾಯುಗಳೆಲ್ಲ ಸೋತು, ಗಂಟಲಿನ ರಂಧ್ರಕ್ಕೆ ಕೆಂಪು ರಬ್ಬರ್ ನಳಿಕೆ ಸಿಕ್ಕಿಸಿಕೊಂಡು, ತೀರ್ಥಹಳ್ಳಿಯ ಈ ಸಣ್ಣ ನರ್ಸಿಂಗ್ ಹೋಮಿನಲ್ಲಿ ಮಲಗಿದ್ದಳು. ಪಕ್ಕದಲ್ಲಿ ಯಂತ್ರದ ತಿದಿ ಏರುತ್ತಿತ್ತು, ಇಳಿಯುತ್ತಿತ್ತು. ಅದರ ಜೊತೆಗೇ ಅವಳ ಎದೆಯೂ.

ಕಷಾಯಕ್ಕೆ ವಿಷ ಹಾಕಿದ್ದು ಯಾರೆಂದು ಹೇಳಬಲ್ಲವಳು ಅವಳೊಬ್ಬಳೇ. ಅವಳಿಗೆ ದನಿಯಿರಲಿಲ್ಲ.

“ಬಾಗಿಲಿಗೆ ಪೇದೆ ಹಾಕಿದ್ದೆ,” ಎಂದ ಧರ್ಮಪ್ಪ. ತನ್ನ ಮೇಲೆಯೇ ಅವನಿಗೆ ಸಿಟ್ಟು ಬಂದಿತ್ತು. “ಬಂದವರ ಕೈಯಲ್ಲಿ ಕತ್ತಿ ಇದೆಯಾ, ತಿಂಡಿ ಇದೆಯಾ ನೋಡು ಅಂದಿದ್ದೆ. ನೀರು ನೋಡು ಅಂತ ಹೇಳಲಿಲ್ಲ.”

“ನೀರೊಂದೇ ಅಲ್ಲ.” ವಾಗ್ದೇವಿ ಮಂಚದ ತಲೆದೆಸೆಯ ಕಾಲುಗಳನ್ನು ತೋರಿಸಿದಳು. ಕಾಲುಗಳ ಕೆಳಗೆ ಮರದ ತುಂಡುಗಳಿದ್ದವು. “ತಲೆ ಎದೆ ಯಾವಾಗಲೂ ಎತ್ತರದಲ್ಲೇ ಇರಬೇಕು. ಚಪ್ಪಟೆ ಮಲಗಿಸಿದರೆ ಹೊಟ್ಟೆಯ ಗಂಜಿ, ಬಾಯಿಯ ಎಂಜಲು ಎಲ್ಲ ಹಿಂದಕ್ಕೆ ಸರಿದು ಶ್ವಾಸನಾಳಕ್ಕೆ ಇಳೀತದೆ. ನಿನ್ನೆ ಮಧ್ಯಾಹ್ನ ಊಟ ಮಾಡಿ ಬಂದಾಗ ಈ ತುಂಡುಗಳು ಮಂಚದ ಅಡಿಯಲ್ಲಿ ಬಿದ್ದಿದ್ದವು. ಮಂಚ ನೆಲಕ್ಕೆ ಸಮ. ಕಸ ಗುಡಿಸುವಾಗ ಸರಿದಿರಬೇಕು ಅಂದುಕೊಂಡೆ.”

“ಮಂಚ ಎತ್ತದೆ ಇವು ಸರಿಯೋದು ಹೇಗೆ?”

“ನಿನ್ನೆ ನನಗೆ ಅದು ಹೊಳೀಲಿಲ್ಲ.”

ಈ ಕೋಣೆಯೊಳಗೆ ಬರುವವರು ಯಾರು ಯಾರೆಂದು ಧರ್ಮಪ್ಪ ಕೇಳಿದ. ಹೆಚ್ಚು ಜನರಿರಲಿಲ್ಲ. ವಾಗ್ದೇವಿ, ನರ್ಸ್ ಮೂಕಾಂಬಿಕಾ, ದುಗ್ಗಮ್ಮನ ಅಕ್ಕ ಕೆರಿಯಮ್ಮ, ಸತ್ತ ಸೀತಾರಾಮಪ್ಪನ ತಮ್ಮ ನಿಂಗಪ್ಪ. ಮರದ ಕೇಸಿನ ಆರೋಪಿ, ಆನಂದಪುರದ ಸಾಮಿಲ್ ಮಾಲೀಕ ಸುಬ್ಬರಾಯ ಒಂದು ಸಲ ಕಿತ್ತಳೆ ಹಣ್ಣು ಹಿಡಿದು ಬಂದಿದ್ದನಂತೆ. ಪೇದೆ ಅವನನ್ನು ಮೆಟ್ಟಿಲಿನಿಂದಲೇ ವಾಪಸು ಕಳಿಸಿದ್ದ.

ಅಷ್ಟರಲ್ಲಿ ಮೂಕಾಂಬಿಕಾ ಒಳಗೆ ಬಂದಳು. ಘಟ್ಟದ ಕೆಳಗಿನವಳು, ಕುಂದಾಪುರದ ಕಡೆ. ಸಣಕಲು ಮೈ, ಚುರುಕು ಕೈ. ಸೋಪಿನಿಂದ ಮೊಣಕೈವರೆಗೆ ತಿಕ್ಕಿ ತೊಳೆದುಕೊಂಡು, ಕುದಿಸಿಟ್ಟಿದ್ದ ತೆಳ್ಳನೆಯ ನಳಿಕೆಯನ್ನು ಚಿಮಟದಲ್ಲಿ ಎತ್ತಿಕೊಂಡಳು.

“ಕಫ ತೆಗೀಬೇಕು. ಸ್ವಲ್ಪ ಆಚೆ ನಿಲ್ಲಿ ಸಾರ್.”

ದುಗ್ಗಮ್ಮನ ಗಂಟಲಿನ ರಂಧ್ರದೊಳಗೆ ನಳಿಕೆ ಇಳಿಯಿತು. ದುಗ್ಗಮ್ಮನ ಮುಖ ಕೆಂಪೇರಿ, ಕಣ್ಣಂಚಿನಲ್ಲಿ ನೀರು ಒಡೆಯಿತು. ಗಾಜಿನ ಜಾಡಿಗೆ ಹಳದಿ ಬಣ್ಣದ ಮಂದ ಕಫ ಎಳೆದು ಬಂತು. ಅದರ ನಡುವೆ ಕಪ್ಪಗೆ ಏನೋ ಕಂಡಿತು.

ವಾಗ್ದೇವಿ ಜಾಡಿಯನ್ನು ಕಿಟಕಿಗೆ ಹಿಡಿದಳು. ಆಮೇಲೆ ಚಿಮಟದಿಂದ ಅದನ್ನು ಎತ್ತಿ ಹತ್ತಿಯ ಮೇಲೆ ಇಟ್ಟಳು.

ಒಂದು ಎಲೆಯ ತುಣುಕು. ಅಂಚು ಹಲ್ಲು ಹಲ್ಲಾಗಿತ್ತು.

“ತುಳಸಿ,” ಎಂದಳು ಮೂಕಾಂಬಿಕಾ. “ಎದೆಯೊಳಗಿಂದ ತುಳಸಿ!”

ಜಗಲಿಯಲ್ಲಿ ಕಂಡ ನಿಂಗಪ್ಪನ ತೀರ್ಥದ ತಂಬಿಗೆ ನೆನಪಾಗಿ ಧರ್ಮಪ್ಪ ಆಗಲೇ ಬಾಗಿಲ ಕಡೆ ನಡೆದಿದ್ದ.

* * *

ನಿಂಗಪ್ಪ ಜಗಲಿಯ ಬೆಂಚಿನ ಮೇಲೆ ಕೂತಿದ್ದ. ಮೂವತ್ತು ದಾಟಿದ ಗಟ್ಟಿ ಆಳು. ಅಣ್ಣನ ಕರ್ಮಕ್ಕೆ ಬೋಳಿಸಿದ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರುತ್ತಿತ್ತು. ಕಾಲ ಬಳಿ ಹಿತ್ತಾಳೆಯ ತಂಬಿಗೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದು.

ಧರ್ಮಪ್ಪ ತಂಬಿಗೆ ಎತ್ತಿಕೊಂಡು ಬಟ್ಟೆ ಬಿಚ್ಚಿದ. ಮೇಲೆ ತುಳಸಿ ದಳ ತೇಲುತ್ತಿತ್ತು.

“ಇದನ್ನ ಅತ್ತಿಗೆ ಬಾಯಿಗೆ ಬಿಟ್ಟೆಯಾ?”

“ಇಲ್ಲ ಸ್ವಾಮಿ. ಹಣೆಗೆ ಪ್ರೋಕ್ಷಣೆ ಮಾಡ್ತೀನಿ, ಅಷ್ಟೇಯ.”

“ಹಣೆಗೆ ಹಾಕಿದ ತುಳಸಿ ಶ್ವಾಸಕೋಶಕ್ಕೆ ಹ್ಯಾಗೆ ಹೋಯ್ತು?”

ನಿಂಗಪ್ಪ ಬೆಪ್ಪಾಗಿ ನೋಡಿದ. “ಎಲ್ಲಿಗೆ?”

“ಒಳಗೆ ಡಾಕ್ಟ್ರು ಈಗ ತೆಗೆದ್ರು. ಅವಳ ಎದೆಯೊಳಗಿಂದ. ಮಚ್ಚೆ ಬಿದ್ದಿದೆ, ಜ್ವರ ಏರ್ತಾ ಇದೆ. ಅಣ್ಣ ಹೋದ. ಈಗ ಅತ್ತಿಗೇನೂ ಹೋದ್ರೆ ಮನೆ, ಗದ್ದೆ ಎಲ್ಲ ಯಾರಿಗೆ ಬರ್ತದೆ ನಿಂಗಪ್ಪ?”

“ಸ್ವಾಮಿ!” ಅವನು ಎದ್ದೇ ನಿಂತ. ಪೇದೆ ಹತ್ತಿರ ಬಂದ. “ಆ ಮಾತೊಂದು ಆಡ್ಬೇಡಿ. ನಮ್ಮವ್ವ ಹೋದ್ಮೇಲೆ ನಂಗೆ ಉಣ್ಣಾಕಿಟ್ಟು ಸಾಕಿದ್ದು ಆ ಅತ್ತಿಗೆ.”

“ಹಾಗಾದ್ರೆ ನಿಜ ಹೇಳು.”

ನಿಂಗಪ್ಪ ಮತ್ತೆ ಬೆಂಚಿನ ಮೇಲೆ ಕುಳಿತ. ಅಂಗೈಯಿಂದ ಬೋಳುತಲೆ ಉಜ್ಜಿಕೊಂಡ.

“ತುಟಿ ಒಡ್ದು ಹೋಗಿತ್ತು ಸ್ವಾಮಿ. ಬಾಯಿ ಬತ್ತಿದ ಕೆರೆಯಂಗೆ ಆಗಿತ್ತು. ಹೊಟ್ಟೆಗೆ ಮೂಗಿಂದ ಬಿಡ್ತಾರೆ, ಬಾಯಿಗೆ ಒಂದು ಹನಿ ನೀರಿಲ್ಲ. ಅದೆಂತ ಶಿಕ್ಷೆ ಅಂತ ಅನ್ನುಸ್ತು. ಹೊಳೆಯಿಂದ ತೀರ್ಥ ತಂದಿದ್ದೆ. ನಿನ್ನೆ ಮಧ್ಯಾಹ್ನ ಎರಡು ಉದ್ದರಣೆ ಬಿಟ್ಟೆ. ನುಂಗ್ತಾರೆ ಅಂದ್ಕಂಡೆ. ನುಂಗಾಕೆ ಆಗಲ್ಲ ಅಂತ ನಂಗೆ ಯಾರೂ ಹೇಳಿರಲಿಲ್ಲ.”

“ಮಂಚ ತಗ್ಗಿಸಿದ್ದೂ ನೀನೇನಾ?”

“ಮಂಚ ಮುಟ್ಟಲಿಲ್ಲ. ನಾ ಹೋದಾಗ್ಲೇ ಸಮ ಮಾಡಿ ಮಲಗ್ಸಿದ್ರು. ಅದ್ಕೇ ತೀರ್ಥ ಬಿಡಾಕೆ ಸಲೀಸಾಯ್ತು.”

“ಸೀಸೆ?”

“ಎಂತ ಸೀಸೆ?”

ಆ ಪ್ರಶ್ನೆಯಲ್ಲಿ ನಟನೆ ಇರಲಿಲ್ಲ. ಧರ್ಮಪ್ಪ ತಂಬಿಗೆಯ ನೀರನ್ನು ಅಂಗೈಗೆ ಸುರಿದು ನೋಡಿದ. ಗಾಜಿನಂತೆ ತಿಳಿ. ಬಟ್ಟೆಯಲ್ಲಿ ಸೋಸಿದ್ದು. ತುಂಗೆಯ ಹರಿಯುವ ನೀರು ಇದು. ಬೇಸಿನ್ನಿನಲ್ಲಿ ಕಂಡದ್ದು ಎಲ್ಲೋ ನಿಂತು ಕೊಳೆತ ನೀರು.

“ನಿನ್ನೆ ನೀನು ಒಳಗೆ ಹೋದಾಗ ಕೋಣೇಲಿ ಬೇರೆ ಯಾರಿದ್ರು?”

“ಯಾರೂ ಇರಲಿಲ್ಲ. ಕೆರಿಯಕ್ಕ ಬಟ್ಟೆ ತೊಳ್ಯಾಕೆ ಹೊಳೆಗೆ ಹೋಗಿತ್ತು. ಅದು ಇದ್ದಿದ್ರೆ ನಂಗೆ ತೀರ್ಥ ಬಿಡಾಕೆ ಬಿಡ್ತಿತ್ತಾ? ನರ್ಸಮ್ಮ ಹೇಳ್ಕೊಟ್ಟಂಗೆ ಬಟ್ಟೆ ಸುತ್ತಿ ಹಲ್ಲು ಒಸಡು ಒರಸ್ತದೆ, ಬೇರೆಯವ್ರನ್ನ ಹತ್ರ ಸೇರ್ಸಲ್ಲ.” ನಿಂಗಪ್ಪ ತಲೆಯೆತ್ತಿದ. ಕಣ್ಣು ತುಂಬಿತ್ತು. “ನಾನೇ ಕೊಂದೆನಾ ಸ್ವಾಮಿ? ನನ್ನ ತೀರ್ಥದಿಂದ ಹೋಗ್ತಾರಾ?”

ಧರ್ಮಪ್ಪ ತಂಬಿಗೆಯನ್ನು ಪೇದೆಯ ಕೈಗೆ ಕೊಟ್ಟು, ಕಟ್ಟಡದ ಪಕ್ಕದಿಂದ ಹಿತ್ತಲಿಗೆ ಹೋದ.

ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿಯೊಂದಿತ್ತು. ಹೂಗಿಡಗಳಿಗೆ ಹಾಕುವ ನೀರು. ಗೋಡೆಗೆಲ್ಲ ಪಾಚಿ ಕಟ್ಟಿತ್ತು. ಒಂದು ಕಡೆ ಮಾತ್ರ, ಅಂಚಿನ ಹತ್ತಿರ, ಯಾರೋ ಏನನ್ನೋ ಅದ್ದಿ ಎತ್ತಿದಾಗ ಉಜ್ಜಿ ಕಿತ್ತುಬಂದಂತೆ ಸಿಮೆಂಟು ಬೋಳಾಗಿತ್ತು. ಕೈ ಹಾಕಿದ. ಬೆರಳಿಗೆ ಅದೇ ಎಳೆ, ಅದೇ ವಾಸನೆ.

ತೊಟ್ಟಿಯಿಂದ ಕೈಯಳತೆಯಲ್ಲಿ ಒಂದು ಬಾಗಿಲು. ಅದನ್ನು ತಳ್ಳಿದ. ಒಳಗಿನಿಂದ ಚಿಲಕ ಹಾಕಿತ್ತು.

ಪೇದೆಯನ್ನು ಕರೆದು ಕೇಳಿದ. “ನಿನ್ನೆಯಿಂದ ಯಾರಾದ್ರೂ ಗಾಜಿನ ಸೀಸೆ ಹಿಡ್ಕೊಂಡು ಮುಂಬಾಗಿಲಿಂದ ಹೊರಗೆ ಹೋದ್ರಾ?”

“ಇಲ್ಲ ಸಾರ್. ಕೆರಿಯಮ್ಮ ಬಟ್ಟೆ ಬುಟ್ಟಿ ತಗಂಡು ಹೋದ್ರು, ಅದನ್ನೂ ತೆಗ್ಸಿ ನೋಡಿದ್ದೆ. ಈ ನಿಂಗಪ್ಪನ ಕೈಲಿ ತಂಬಿಗೆ. ಅಷ್ಟೇ.”

“ಈ ಹಿಂದಿನ ಬಾಗಿಲು ಯಾವ ಕೋಣೇದು?”

“ನಳಿಕೆ, ಸೀಸೆ ಎಲ್ಲ ಕುದಿಸ್ತಾರಲ್ಲ ಸಾರ್, ಆ ಕೋಣೇದು. ಅಲ್ಲಿಗೆ ನೆಂಟರನ್ನ ಬಿಡಲ್ಲ. ಡಾಕ್ಟ್ರು, ನರ್ಸಮ್ಮ ಇಬ್ಬರೇ.”

ಧರ್ಮಪ್ಪ ಬೆರಳಿನ ಪಾಚಿಯನ್ನು ಕರವಸ್ತ್ರಕ್ಕೆ ಒರೆಸಿದ. ಜಗಲಿಯಲ್ಲಿ ಕೂತಿದ್ದ ನೆಂಟರ ಮೇಲೆ ಇಷ್ಟು ದಿನ ಕಣ್ಣಿಟ್ಟಿದ್ದ. ದುಗ್ಗಮ್ಮನನ್ನು ಕಾಯುವ ವಿದ್ಯೆ ಬಲ್ಲವರಿಗೆ, ಕಾಯದೆ ಬಿಟ್ಟರೆ ಏನಾಗುತ್ತದೆ ಎನ್ನುವುದೂ ಗೊತ್ತು ಎಂಬುದು ಅವನ ತಲೆಗೆ ಹೊಳೆದೇ ಇರಲಿಲ್ಲ.

ಮಂಚ ತಗ್ಗಿಸುವುದು. ಸೀಸೆಗೆ ಕೊಳಕು ನೀರು. ಗಾಯವಿಲ್ಲ, ವಿಷವಿಲ್ಲ. ಸತ್ತರೆ ನ್ಯುಮೋನಿಯಾ ಎಂದು ಬರೆದುಕೊಡುತ್ತಾರೆ. ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಆದರೆ ಆ ಸೀಸೆಯನ್ನು ತನಗೆ ತೋರಿಸಿದವಳು ಸ್ವತಃ ವಾಗ್ದೇವಿ. ಹಾಗಾದರೆ ಉಳಿದವಳು ಒಬ್ಬಳೇ.

* * *

ಅವನು ಒಳಗೆ ಬರುವಾಗ ಕೆರಿಯಮ್ಮ ತಂಗಿಯ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ನೀವುತ್ತಿದ್ದಳು. ಮೂಕಾಂಬಿಕಾ ಇರಲಿಲ್ಲ. ಕುದಿಸುವ ಕೋಣೆಯಿಂದ ಪಾತ್ರೆಯ ಸದ್ದು ಕೇಳುತ್ತಿತ್ತು. ವಾಗ್ದೇವಿ ಸಿರಿಂಜಿಗೆ ಪೆನಿಸಿಲಿನ್ ಎಳೆದುಕೊಳ್ಳುತ್ತಿದ್ದಳು.

“ಸಾಹೇಬ್ರೆ,” ಎಂದಳು ಕೆರಿಯಮ್ಮ ಮೆಲ್ಲಗೆ, “ನಮ್ಮ ದುಗ್ಗಿ ಕೈ ಹಿಸುಕ್ತಾಳೆ. ಈಗ ಹಿಸುಕಿದ್ಲು.”

ವಾಗ್ದೇವಿ ತಿರುಗಿದಳು. ಸಿರಿಂಜನ್ನು ಟ್ರೇಯಲ್ಲಿಟ್ಟು ದುಗ್ಗಮ್ಮನ ರೆಪ್ಪೆ ಎತ್ತಿ ನೋಡಿದಳು. ರೆಪ್ಪೆ ತಾನಾಗಿಯೇ ಅರ್ಧ ತೆರೆದು ನಿಂತಿತು.

“ಶಕ್ತಿ ವಾಪಸು ಬರ್ತಾ ಇದೆ,” ಎಂದಳು. “ಎಲ್ಲ ಕೇಳಿಸ್ತದೆ ಅವರಿಗೆ.”

“ನಾನು ಕೆಲವು ಪ್ರಶ್ನೆ ಕೇಳಬಹುದಾ?”

“ಜ್ವರ ಇದೆ. ಆಯಾಸ ಮಾಡಬೇಡಿ.”

ಧರ್ಮಪ್ಪ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ. ದುಗ್ಗಮ್ಮನ ಕೈಯನ್ನು ತನ್ನ ಅಂಗೈಗೆ ತೆಗೆದುಕೊಂಡ. ಸುಡುತ್ತಿತ್ತು.

“ದುಗ್ಗಮ್ಮ, ನಾನು ಪೊಲೀಸಿನವನು. ಹೌದು ಅಂದ್ರೆ ಒಂದು ಸಲ ಹಿಸುಕಿ. ಅಲ್ಲ ಅಂದ್ರೆ ಎರಡು ಸಲ. ಆಯ್ತಾ?”

ಒಂದು ಸಲ. ಹಕ್ಕಿಯ ಮರಿ ಒದ್ದಾಡಿದಷ್ಟು ಬಲ.

“ಕಷಾಯಕ್ಕೆ ಬೆರೆಸಿದ್ದು ಯಾರು ಅಂತ ನಿಮಗೆ ಗೊತ್ತಾ?”

ಒಂದು ಸಲ.

“ಸಾಮಿಲ್ಲಿನ ಸುಬ್ಬರಾಯನಾ?”

ಎರಡು ಸಲ.

“ನಿಂಗಪ್ಪನಾ?”

ಎರಡು ಸಲ. ಈ ಬಾರಿ ಬೇಗ ಬೇಗ.

“ಮನೆಯೊಳಗಿನವರಾ?”

ಒಂದು ಸಲ.

ಕೆರಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಧರ್ಮಪ್ಪ ಮನಸ್ಸಿನಲ್ಲೇ ಎಣಿಸಿದ. ಹುಂಚದ ಆ ಮನೆಯಲ್ಲಿ ಅವತ್ತು ಇದ್ದವರು ಇನ್ನು ಯಾರು? ಗಂಡ, ಹೆಂಡತಿ, ನಿಂಗಪ್ಪ. ಮಕ್ಕಳಿರಲಿಲ್ಲ. ಆಳುಗಳು ಅಡಿಗೆಮನೆಗೆ ಬರುವವರಲ್ಲ.

ಮುಂದಿನ ಪ್ರಶ್ನೆ ಕೇಳಲು ಅವನಿಗೆ ಮನಸ್ಸಾಗಲಿಲ್ಲ. ಕೇಳಿದ.

“ನೀವೇನಾ?”

ತಿದಿ ಏರಿತು, ಇಳಿಯಿತು.

ದುಗ್ಗಮ್ಮ ಅವನ ಕೈಯನ್ನು ಹಿಸುಕಿದಳು. ಒಂದೇ ಸಲ, ಇದ್ದ ಬಲವನ್ನೆಲ್ಲ ಹಾಕಿ. ಬಿಡಲೇ ಇಲ್ಲ. ಅರೆತೆರೆದ ಕಣ್ಣುಗಳಿಂದ ನೀರು ಕಿವಿಯ ಕಡೆಗೆ ಹರಿಯಿತು.

“ಸುಳ್ಳು!” ಕೆರಿಯಮ್ಮ ಕೂಗಿದಳು. “ಜ್ವರದಾಗೆ ತಿಳೀದೆ ಹಿಸುಕ್ತಾಳೆ ಸಾಹೇಬ್ರೆ! ಗಂಡನ್ನ ದೇವರಂಗೆ ನೋಡ್ಕಂಡವಳು ಇವಳು. ಅದನ್ನೇ ತಾನೂ ಕುಡಿಯಲಿಲ್ಲವಾ?”

ಅದೇ ಮಾತು ಧರ್ಮಪ್ಪನನ್ನೂ ಕೊರೆಯುತ್ತಿತ್ತು. ಅವನು ಬಗ್ಗಿ, ದುಗ್ಗಮ್ಮನ ಕಿವಿಯ ಹತ್ತಿರ ಕೇಳಿದ. “ಹಾಕುವಾಗ ಅದು ವಿಷ ಅಂತ ಗೊತ್ತಿತ್ತಾ?”

ಎರಡು ಸಲ. ಮತ್ತೆ ಎರಡು ಸಲ. ಮತ್ತೆ.

“ಬೇರೆ ಏನೋ ಅಂದುಕೊಂಡು ಹಾಕಿದ್ರಾ?”

ಒಂದು ಸಲ.

ಕೆರಿಯಮ್ಮನ ಅಳು ಥಟ್ಟನೆ ನಿಂತಿತು. ಕಣ್ಣು ಅಗಲವಾದವು.

“ಕೆಮ್ಮಿನ ಔಷಧಿ,” ಎಂದಳು. “ಅಯ್ಯೋ ದೇವರೇ! ಇವಳ ಯಜಮಾನ್ರಿಗೆ ಚಳಿಗಾಲದಿಂದ ಕೆಮ್ಮು. ಔಷಧಿ ಕಹಿ, ಕುಡಿಯಾಕಿಲ್ಲ ಅಂತ ಹಟ ಮಾಡ್ತಿದ್ರು. ಇವಳು ಗೊತ್ತಾಗದಂಗೆ ಮೆಣಸು ಬೆಳ್ಳುಳ್ಳಿ ಕಷಾಯಕ್ಕೆ ಸೇರ್ಸಿ ಕೊಡ್ತಿದ್ಲು. ನಂಗೂ ಹೇಳಿದ್ಲು, ನಗ್ತಾ ಹೇಳಿದ್ಲು.”

“ಯಾವ ಔಷಧಿ? ಎಲ್ಲಿಂದ ತಂದಿದ್ದು?”

“ಇಲ್ಲಿಂದಲೇಯ. ಈ ಆಸ್ಪತ್ರೆಯಿಂದ.”

ಯಾರೂ ಕೇಳದಿದ್ದರೂ ದುಗ್ಗಮ್ಮನ ಕೈ ಒಂದು ಸಲ ಬಿಗಿಯಾಯಿತು.

ಹುಂಚದ ಮನೆಯಲ್ಲಿ ಪಾತ್ರೆ, ಲೋಟ, ಕಷಾಯದ ಪುಡಿ ಎಲ್ಲವನ್ನೂ ಧರ್ಮಪ್ಪ ಪರೀಕ್ಷೆಗೆ ಕಳಿಸಿದ್ದ. ಗೋಡೆಯ ಗೂಡಿನಲ್ಲಿದ್ದ ಔಷಧಿಯ ಸೀಸೆಯನ್ನು ನೋಡಿಯೂ ಮುಟ್ಟಿರಲಿಲ್ಲ. ಔಷಧಿಯನ್ನು ಯಾರು ಅನುಮಾನಿಸುತ್ತಾರೆ?

ಬಾಗಿಲಲ್ಲಿ ಗಾಜು ಗಾಜಿಗೆ ತಗಲಿದ ಸದ್ದಾಯಿತು. ಹೊಸದಾಗಿ ಕುದಿಸಿದ ಸೀಸೆಗಳ ಟ್ರೇ ಹಿಡಿದು ಮೂಕಾಂಬಿಕಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಧರ್ಮಪ್ಪ ದುಗ್ಗಮ್ಮನ ಕೈ ಬಿಡದೆಯೇ ಕೇಳಿದ. “ಸೀತಾರಾಮಪ್ಪನ ಕೆಮ್ಮಿನ ಔಷಧಿ ಕೊಟ್ಟದ್ದು ನೀವಾ ಸಿಸ್ಟರ್?”

“ಹೌದು. ಇವರ ಕೈಗೆ ನಾನೇ ಕೊಟ್ಟದ್ದು.”

“ಹಿಂದಿನ ತೊಟ್ಟಿಯ ನೀರನ್ನ ಯಂತ್ರದ ಸೀಸೆಗೆ ತುಂಬಿದ್ದೂ ನೀವೇನಾ?”

“ದೇವರಾಣೆ ಇಲ್ಲ!” ಅವಳು ಟ್ರೇಯನ್ನು ಮೇಜಿನ ಮೇಲೆ ಇಟ್ಟಳು. “ಔಷಧಿ ಕೊಟ್ಟದ್ದು ಹೌದು. ಆದ್ರೆ ಅದನ್ನು ನಾನು ತುಂಬಿದ್ದಲ್ಲ ಸಾರ್. ಎಲ್ಲರಿಗೂ ದೊಡ್ಡ ಜಾಡಿಯಿಂದ ನಾನೇ ಅಳೆದು ತುಂಬಿ ಕೊಡ್ತೇನೆ. ಈ ಕೊನೆಯ ಸಲ ಮಾತ್ರ ಹಾಗಲ್ಲ.” ಅವಳ ನೋಟ ಧರ್ಮಪ್ಪನನ್ನು ದಾಟಿ ಹೋಯಿತು. “ಡಾಕ್ಟ್ರೆ, ನೀವೇ ಹೇಳಿ. ನಿಮ್ಮ ಕೋಣೆಯಿಂದ ತುಂಬಿದ ಸೀಸೆ ತಂದು, ಹುಂಚದವರು ಬಂದರೆ ಇದನ್ನೇ ಕೊಡು ಅಂದವರು ನೀವಲ್ಲವಾ?”

ಧರ್ಮಪ್ಪ ನಿಧಾನವಾಗಿ ತಿರುಗಿದ.

ವಾಗ್ದೇವಿ ಸಿರಿಂಜು ಹಿಡಿದು ಹಾಗೆಯೇ ನಿಂತಿದ್ದಳು. ಮುಖದಲ್ಲಿ ಭಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಏನನ್ನೋ ಲೆಕ್ಕ ಹಾಕುತ್ತಿರುವವರ ಮುಖ.

“ಹೌದಾ ಡಾಕ್ಟ್ರೆ?”

ಅವಳು ಬಾಯಿ ತೆರೆಯುವ ಮೊದಲೇ ನಳಿಕೆಯಲ್ಲಿ ಗೊರಗೊರ ಸದ್ದು ಎದ್ದಿತು. ತಿದಿ ಅರ್ಧಕ್ಕೆ ಇಳಿದು ತಡವರಿಸಿತು. ದುಗ್ಗಮ್ಮನ ಎದೆ ಏರಲಿಲ್ಲ. ತುಟಿಗಳ ಅಂಚು ನೀಲಿಯಾಗತೊಡಗಿತು.

“ಕಫ ಕಟ್ಟಿಕೊಂಡಿದೆ,” ಎಂದಳು ವಾಗ್ದೇವಿ. ದನಿ ಶಾಂತವಾಗಿತ್ತು. ಚಿಮಟಕ್ಕೆ ಕೈ ಚಾಚಿದಳು. “ಆಳಕ್ಕೆ ಇಳಿದಿದೆ, ಮೂಕಾಂಬಿಕಾ ಕೈಯಲ್ಲಿ ಆಗೋದಿಲ್ಲ. ನಿಮ್ಮ ಪ್ರಶ್ನೆ ಆಮೇಲೆ ಕೇಳಿ. ಈಗ ಬದಿಗೆ ಸರೀರಿ ಇನ್ಸ್‌ಪೆಕ್ಟರೇ.”

ಧರ್ಮಪ್ಪ ಎದ್ದ. ಆದರೆ ಸರಿಯಲಿಲ್ಲ. ಮಂಚಕ್ಕೂ ಅವಳಿಗೂ ನಡುವೆ ನಿಂತ.

ಶಿವಮೊಗ್ಗೆಗೆ ಹೋಗಿ ಇನ್ನೊಬ್ಬ ಡಾಕ್ಟರನ್ನು ತರುವಷ್ಟು ಹೊತ್ತು ಇರಲಿಲ್ಲ. ಆ ನಳಿಕೆಯನ್ನು ಆಳಕ್ಕೆ ಇಳಿಸಬಲ್ಲ ಕೈ ಈ ಊರಿನಲ್ಲಿ ಇದೊಂದೇ. ಕೆರಿಯಮ್ಮ “ದುಗ್ಗೀ, ದುಗ್ಗೀ” ಎಂದು ಕೂಗುತ್ತಿದ್ದಳು.

“ಸರೀರಿ!” ಈಗ ವಾಗ್ದೇವಿಯ ದನಿ ಒಡೆಯಿತು.

ಅವನು ದುಗ್ಗಮ್ಮನ ಕಡೆ ಬಗ್ಗಿದ. ಅವಳ ಕಣ್ಣು ನೆಟ್ಟನೆ ವಾಗ್ದೇವಿಯ ಮೇಲಿತ್ತು.

“ದುಗ್ಗಮ್ಮ, ಬೇಗ ಹೇಳಿ. ಈ ಕೈ ನಿಮ್ಮನ್ನ ಮುಟ್ಟಬಹುದಾ?”

ಸುಡುವ ಬೆರಳುಗಳು ಅವನ ಅಂಗೈಯಲ್ಲಿ ಒಂದು ಸಲ ಬಿಗಿದವು.

ಸಡಿಲಾದವು.

ಎರಡನೆಯ ಹಿಸುಕು ಬರುತ್ತದೆಯೋ ಇಲ್ಲವೋ ಎಂದು ಧರ್ಮಪ್ಪ ಕಾದ.